ಕದದ ಹಿಂದಿನ ಮೊಳೆ

"ಏಳು ಆ ಕುರ್ಚಿಯಿಂದ. ಏಳು ಅಂದೆ!"

ಬ್ರೀಡಾ ಕೂಗಿದ ರಭಸಕ್ಕೆ ಕೈಯಲ್ಲಿದ್ದ ಬುಟ್ಟಿ ಜಾರಿ, ಒಲೆಗೆ ಉರುವಲೆಂದು ತಂದ ಟರ್ಫ್ ಎಂಬ ಒಣಮಣ್ಣಿನ ತುಂಡುಗಳೆಲ್ಲ ನೆಲದ ಮೇಲೆ ಚೆಲ್ಲಾಡಿದವು.

ಮೇಜಿನ ತುದಿಯಲ್ಲಿ ಕೂತಿದ್ದ ವೇಷದವನು ಅಲುಗಲಿಲ್ಲ. ತಲೆಯಿಂದ ಕುತ್ತಿಗೆಯವರೆಗೆ ಹಿಟ್ಟಿನ ಚೀಲ, ಅದರಲ್ಲಿ ಕಣ್ಣಿಗೆರಡು ತೂತು. ಮೈಮೇಲೆ ಒಳಮೈ ಹೊರಗೆ ಮಾಡಿ ತೊಟ್ಟ ಕೋಟು. ಸತ್ತವರು ಮನೆಗೆ ಮರಳುತ್ತಾರೆ ಎನ್ನುವ ಹ್ಯಾಲೋವೀನ್ ಸಂಜೆ ಡೂನ್‌ಕ್ಯಾರಾದ ಮನೆಮನೆಗೆ ವೇಷದವರು ಬರುವುದೇ ಹೀಗೆ. ಮನೆಯವರು ಗುರುತು ಹಿಡಿದು ಹೆಸರು ಹೇಳುವ ತನಕ ಅವರು ತುಟಿ ಬಿಚ್ಚುವಂತಿಲ್ಲ.

ಆದರೆ ಆ ಕುರ್ಚಿ ಸತ್ತವನಿಗೆ ಇಟ್ಟದ್ದು. ಮುಂದಿದ್ದ ತಟ್ಟೆ ಸತ್ತವನಿಗೆ ಬಡಿಸಿದ್ದು. ಇನ್ನು ಆ ಕೋಟು... ಅದರ ಒಳಗಿನ ಹರಿದ ಅಸ್ತರಿಗೆ ಕೆಂಪು ಹೂವಿನ ಪರದೆ ಬಟ್ಟೆಯ ತೇಪೆ ಹಾಕಿದವಳು ಬ್ರೀಡಾ. ತನ್ನ ಕೈಯ ಹೊಲಿಗೆ ತನಗೇ ಗೊತ್ತಾಗುವುದಿಲ್ಲವೇ?

"ಅಪ್ಪನ್ನ ಬೈಬೇಡಮ್ಮ," ಎಂದ ಐದು ವರ್ಷದ ಫಿಂಟನ್. ಅವನು ವೇಷದವನ ತೋಳಿಗೆ ಅಂಟಿಕೊಂಡು ನಿಂತಿದ್ದ. "ನಾನೇ ಕೈ ಹಿಡ್ಕೊಂಡು ಬಂದು ಕೂರಿಸ್ದೆ. ಚೀಲದೊಳಗೆ ತೂರಿಸ್ಕೊಂಡು ರೊಟ್ಟಿನೂ ತಿಂದ. ನೋಡು, ಉಂಗುರ ಅಪ್ಪಂಗೇ ಸಿಕ್ತು."

ತಟ್ಟೆಯಲ್ಲಿ ಒಣದ್ರಾಕ್ಷಿ ರೊಟ್ಟಿಯ ಅರ್ಧ ತುಂಡು. ಪಕ್ಕದಲ್ಲಿ ಹಿಟ್ಟು ಮೆತ್ತಿದ ಹಿತ್ತಾಳೆ ಉಂಗುರ. ರೊಟ್ಟಿಯೊಳಗೆ ಇಟ್ಟು ಬೇಯಿಸಿದ ಉಂಗುರ ಯಾರ ಪಾಲಿಗೆ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ ಎಂಬುದು ಆ ಊರಿನ ಮಾತು.

ಬ್ರೀಡಾ ಮುಂದೆ ನುಗ್ಗಿ ಚೀಲವನ್ನು ಕಿತ್ತು ಎಸೆದಳು.

ಮ್ಯಾಲಕಿ! ಬಂದರಿನ ಬಳಿ ದೋಣಿ ರಿಪೇರಿ ಮಾಡುವ ಮ್ಯಾಲಕಿ. ಕೂದಲಿಗೆ, ಮುಖಕ್ಕೆಲ್ಲ ಹಿಟ್ಟು ಮೆತ್ತಿ, ಪುಟ್ಟ ಹುಡುಗನಿಗೆ ಗುರುತು ಸಿಗುವಂತಿರಲಿಲ್ಲ. ಅವನು ತಟ್ಟೆಯನ್ನು ನೋಡಿದ, ಹುಡುಗನನ್ನು ನೋಡಿದ, ಕೊನೆಗೆ ತನ್ನ ತೋಳಿನ ಮೇಲಿದ್ದ ಕೆಂಪು ಹೂಗಳನ್ನು ನೋಡಿದ. ಹಿಟ್ಟಿನ ಕೆಳಗೂ ಮುಖ ಬಿಳುಪೇರಿತು.

"ಬ್ರೀಡಾ... ಇದು ಯಾರ ಕೋಟು?"

"ಗೊತ್ತಿಲ್ಲದವರ ಹಾಗೆ ಕೇಳ್ಬೇಡಿ. ಅವನ ಕುರ್ಚಿ, ಅವನ ತಟ್ಟೆ, ಅವನ ಕೋಟು. ಇನ್ನೇನು ಬಾಕಿ ಇದೆ ನಿಮಗೆ ಬೇಕಾದ್ದು? ಯಾರು ಕೊಟ್ರು ಇದನ್ನ?"

ಮ್ಯಾಲಕಿ ಬಾಯಿ ತೆರೆದ. ಬಾಗಿಲ ಬಳಿ, ಅವನ ಜೊತೆಯಲ್ಲೇ ವೇಷ ಹಾಕಿಕೊಂಡು ಬಂದಿದ್ದ ಬ್ರೀಡಾಳ ಮಗಳು, ಎಂಟು ವರ್ಷದ ಕ್ಲೀನಾ ನಿಂತಿದ್ದಳು. ಟರ್ನಿಪ್ ಗಡ್ಡೆ ಕೊರೆದು ಮಾಡಿದ ದೀಪವನ್ನು ಅವಳು ತನ್ನ ಮುಖಕ್ಕೆ ಬೆಳಕು ಬೀಳದಂತೆ ಕೆಳಗಿಳಿಸಿದಳು. ಮ್ಯಾಲಕಿ ಒಮ್ಮೆ ಅವಳತ್ತ ನೋಡಿದ. ತೆರೆದ ಬಾಯಿ ಮುಚ್ಚಿತು.

"ಚರ್ಚ್ ಹಾಲಿನ ಹಳೆಬಟ್ಟೆ ರಾಶಿಯಿಂದ ನಾನೇ ತಗೊಂಡೆ. ತಪ್ಪಾಯ್ತು."

ಒಲೆಯ ಪಕ್ಕದಲ್ಲಿ ಕೂತಿದ್ದ ಅತ್ತೆ ಡೀಲಿಯಾ ಆಗ ಮೊದಲ ಸಲ ಮಾತಾಡಿದಳು.

"ನುಸಿ ತಿಂದು ಹಾಳಾಯ್ತು ಅಂದಿದ್ಯಲ್ಲ ಬ್ರೀಡಾ. ನುಸಿ ತಿಂದ ಕೋಟಿಗೆ ಕಾಲು ಬಂತಲ್ಲ!"

ಬ್ರೀಡಾಳ ಸುಳ್ಳು ಸಿಕ್ಕಿಬಿತ್ತು. ಸಿಕ್ಕಿಬಿದ್ದವರು ಮಾಡುವುದನ್ನೇ ಅವಳೂ ಮಾಡಿದಳು. ಎದುರಿಗೆ ಸಿಕ್ಕಿದವನ ಮೇಲೆ ಇನ್ನಷ್ಟು ಕೂಗಾಡಿ, ಬಾಗಿಲು ತೋರಿಸಿದಳು.

ಮ್ಯಾಲಕಿ ಕೋಟು ಬಿಚ್ಚಿ, ಹೂವಿನ ಮಗ್ಗುಲು ಒಳಗೆ ಬರುವಂತೆ ಮಡಿಸಿ ಕುರ್ಚಿಯ ಮೇಲಿಟ್ಟ. ಬರೀ ಶರ್ಟಿನಲ್ಲಿ ಸೋನೆ ಮಳೆಗೆ ಇಳಿದು ಹೋದ.

"ನೀನು ಬೈದೆ ಅಂತ ಅಪ್ಪ ಮತ್ತೆ ಹೋದ," ಎಂದು ಫಿಂಟನ್ ಅತ್ತ. ಆ ಅಳು ನಿಲ್ಲಲಿಲ್ಲ.

* * *

ಬ್ರೀಡಾಳ ಗಂಡ ಡೊನಲ್ ಸತ್ತು ಮೂರು ವರ್ಷವಾಗಿತ್ತು. ನಳ್ಳಿ ಹಿಡಿಯಲು ನೀರಿಗೆ ಇಳಿಬಿಟ್ಟ ಬುಟ್ಟಿಗಳನ್ನು ಎತ್ತಲು ಮಾರ್ಚ್ ತಿಂಗಳ ಒಂದು ಬೆಳಗ್ಗೆ ಸಮುದ್ರಕ್ಕೆ ಹೋದವನು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಹೆಣ ಸಿಗದ ಮನೆಯ ಕಷ್ಟ ಬೇರೆ. ಮಣ್ಣು ಮಾಡಿದವರು ಅತ್ತು ಎದ್ದು ಬರುತ್ತಾರೆ. ಸಿಗದವನ ತಾಯಿ ಎಲ್ಲಿಂದ ಎದ್ದು ಬರಬೇಕು? ಮಗನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಲು ಡೀಲಿಯಾ ಬಿಡಲಿಲ್ಲ. ಹ್ಯಾಲೋವೀನಿನಂದು ಸತ್ತವರಿಗೆ ಒಂದು ತಟ್ಟೆ ಇಟ್ಟು, ಕದಕ್ಕೆ ಅಗುಳಿ ಹಾಕದೆ ಬಿಡುವುದು ಅವಳು ಹುಟ್ಟಿದ ಕಾಲದ ಪದ್ಧತಿ. ಆದರೆ ಅವಳು ಮೊಮ್ಮಗನಿಗೆ ಹೇಳುತ್ತಿದ್ದದ್ದೇ ಬೇರೆ. "ಇವತ್ತು ನಿಮ್ಮಪ್ಪ ಬರ್ತಾನೆ ನೋಡು."

ಅಪ್ಪ ಹೋದಾಗ ಫಿಂಟನ್‌ಗೆ ಎರಡು ವರ್ಷ. ಮುಖ ನೆನಪಿಲ್ಲ. ಅವನಿಗೆ ಗೊತ್ತಿದ್ದದ್ದು ಕದದ ಹಿಂದಿನ ಮೊಳೆಗೆ ನೇತು ಹಾಕಿದ್ದ ಕೋಟು. ಡೊನಲ್ ಅದನ್ನು ಸಮುದ್ರಕ್ಕೆ ತೊಡುತ್ತಿರಲಿಲ್ಲ, ಹಾಗಾಗಿ ಅದು ಉಳಿದಿತ್ತು. ಹುಡುಗ ಅದರೊಳಗೆ ನುಸುಳಿ ಅಡಗಿಕೊಳ್ಳುತ್ತಿದ್ದ. ಒಳಗೆ ಕತ್ತಲೆ, ಹೊಗೆಸೊಪ್ಪಿನ ವಾಸನೆ, ಕೆಂಪು ಹೂ. ಊರಿನವರೆಲ್ಲ ಆ ಕೋಟನ್ನು ಹೊರಗಿನಿಂದ ಬಲ್ಲರು. ತೇಪೆ ಹಾಕಿದ ತಾಯಿಯನ್ನು ಬಿಟ್ಟರೆ ಒಳಗಿನಿಂದ ಬಲ್ಲವನು ಅವನೊಬ್ಬನೇ.

ಮ್ಯಾಲಕಿ ಆ ಮನೆಗೆ ಬಂದದ್ದು ಹೋದ ಚಳಿಗಾಲದಲ್ಲಿ, ಗಾಳಿಗೆ ಮುರಿದ ಕಿಟಕಿ ಸರಿಮಾಡಲು. ಆಮೇಲೆ ಬಾಗಿಲು ಸರಿಮಾಡಲು ಬಂದ. ಆಮೇಲೆ ಸರಿಮಾಡಲು ಏನೂ ಇಲ್ಲದಿದ್ದರೂ ಬಂದ.

ಬಂದವನು ಒದ್ದೆ ಕೋಟು ಬಿಚ್ಚುತ್ತಿದ್ದ, ಮೊಳೆಯತ್ತ ಒಮ್ಮೆ ನೋಡುತ್ತಿದ್ದ, ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಪ್ಯಾಂಟು ನೆನೆದರೂ ಸರಿಯೇ. ಎಲ್ಲಿ ಹಾಕಲಿ ಎಂದು ಒಂದು ದಿನವೂ ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಅವನು ಎದ್ದುಹೋದ ಮೇಲೆ ಕುರ್ಚಿಯ ಕೆಳಗೆ ನಿಂತಿದ್ದ ನೀರನ್ನು ಬ್ರೀಡಾ ಬಹಳ ಹೊತ್ತು ನೋಡಿದಳು. ಮರುದಿನ ಬೆಳಗ್ಗೆ ಡೊನಲ್‌ನ ಕೋಟನ್ನು ಚೀಲಕ್ಕೆ ತುರುಕಿ ಚರ್ಚ್ ಹಾಲಿನ ಹಳೆಬಟ್ಟೆ ರಾಶಿಗೆ ಹಾಕಿ ಬಂದಳು. ಬಂದು ಖಾಲಿ ಮೊಳೆ ನೋಡಿ, ಸೆರಗಿಲ್ಲದ ಆ ದೇಶದಲ್ಲಿ ಅಡುಗೆ ಬಟ್ಟೆಗೆ ಮುಖ ಒತ್ತಿ ಅತ್ತಳು. ಅತ್ತೆಗೆ ನುಸಿಯ ಸುಳ್ಳು ಹೇಳಿದಳು.

ಮುಂದಿನ ಸಲ ಮ್ಯಾಲಕಿ ಬಂದಾಗ ಮೊಳೆ ಖಾಲಿ ಇತ್ತು. ಅವನು ನೋಡಿದ. ಆದರೂ ಕೋಟನ್ನು ತೊಡೆಯ ಮೇಲೇ ಇಟ್ಟುಕೊಂಡ. ಅಲ್ಲಿ ಹಾಕಿ ಎನ್ನುವ ಎರಡು ಮಾತು ಅವಳ ಗಂಟಲಲ್ಲೇ ಉಳಿಯಿತು.

ಈಗ ಅದೇ ಕೋಟು ಅವನ ಮೈಮೇಲೆ! ಬಿಟ್ಟುಕೊಟ್ಟ ಜಾಗ ಸಾಲದೆಂದು ಸತ್ತವನ ಮೈಯನ್ನೇ ತೊಟ್ಟು ಬಂದನೇ? ಎರಡು ದಿನ ಬ್ರೀಡಾ ಅದನ್ನೇ ಅಗಿದಳು. ಸಿಟ್ಟಿನ ತಳದಲ್ಲಿದ್ದದ್ದು ತನ್ನದೇ ತಪ್ಪು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಫಿಂಟನ್ ಆ ಎರಡು ದಿನವೂ ಹೊಸಿಲ ಮೇಲೆ ಕೂತ. ಮುಂದೆ ಅಪ್ಪನ ತಟ್ಟೆ, ಅದರಲ್ಲಿ ಉಳಿದ ರೊಟ್ಟಿ. ತಾನೂ ತಿನ್ನಲಿಲ್ಲ, ಕೋಳಿಗಳಿಗೂ ಬಿಡಲಿಲ್ಲ.

* * *

ಮೂರನೆಯ ದಿನ ಬೆಳಗ್ಗೆ ಎಲ್ಲ ಸತ್ತವರ ಹೆಸರಿನ ಪೂಜೆಗೆ ಚರ್ಚಿಗೆ ಹೊರಡುವಾಗ, ಬ್ರೀಡಾ ಮಗಳ ಜಡೆ ಹೆಣೆಯುತ್ತಿದ್ದಳು. ಬೆನ್ನು ತೋರಿಸಿ ಕೂತಿದ್ದರಿಂದಲೋ ಏನೋ ಕ್ಲೀನಾಳಿಗೆ ಧೈರ್ಯ ಬಂತು.

"ಅಮ್ಮ, ಕೋಟು ಕೊಟ್ಟಿದ್ದು ನಾನು."

ಹೆಣೆಯುವ ಕೈ ನಿಂತಿತು.

ವೇಷಕ್ಕೆ ಬಟ್ಟೆ ಹುಡುಕುವಾಗ ಚರ್ಚ್ ಹಾಲಿನ ರಾಶಿಯ ಅಡಿಯಲ್ಲಿ ಸಿಕ್ಕಿತಂತೆ. ಹೊರಮೈ ನೋಡಿದರೆ ಮ್ಯಾಲಕಿಗೆ ಗುರುತು ಸಿಗುತ್ತದೆ, ತೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಳಮೈ ಹೊರಗೆ ಮಾಡಿ ಕೈಗಿತ್ತಳಂತೆ. ವೇಷಕ್ಕೆ ಹಾಗೆ ತೊಡುವುದು ವಾಡಿಕೆಯೇ ಆದ್ದರಿಂದ ಅವನು ಏನೂ ಕೇಳಲಿಲ್ಲವಂತೆ.

"ಯಾಕೆ ಹಾಗೆ ಮಾಡಿದೆ ಮಗಳೇ?"

"ಅವರಿಗೆ ಸರಿಹೋಗುತ್ತಾ ನೋಡ್ಬೇಕಿತ್ತು."

ಬ್ರೀಡಾ ಜಡೆಯ ತುದಿಗೆ ರಿಬ್ಬನ್ ಕಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸರಿಹೋಯ್ತಾ?"

"ತೋಳು ಸ್ವಲ್ಪ ಗಿಡ್ಡ."

ಆ ರಾತ್ರಿ ತೆರೆದ ಬಾಯನ್ನು ಮ್ಯಾಲಕಿ ಯಾಕೆ ಮುಚ್ಚಿದ ಎಂದು ಬ್ರೀಡಾಳಿಗೆ ಆಗ ತಿಳಿಯಿತು... ಮಗುವಿನ ಮೇಲೆ ಬರಬೇಕಾದ ಬೈಗುಳವನ್ನು ಅವನು ತನ್ನ ತಲೆಯ ಮೇಲೆ ಹಾಕಿಕೊಂಡು, ಚಳಿಯಲ್ಲಿ ಶರ್ಟಿನಲ್ಲೇ ನಡೆದು ಹೋಗಿದ್ದ.

* * *

ಪೂಜೆ ಮುಗಿದ ಮೇಲೆ ಅವಳು ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರಿನ ಶೆಡ್ಡಿಗೆ ಹೋದಳು. ಮ್ಯಾಲಕಿ ಮಗುಚಿ ಹಾಕಿದ ದೋಣಿಯ ಹಲಗೆ ಸಂದಿಗೆ ನಾರು ತುಂಬುತ್ತಿದ್ದ. ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟ.

ಕ್ಷಮೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಕ್ಲೀನಾ ಎಲ್ಲ ಹೇಳಿದಳು ಎಂದಳು. ಫಿಂಟನ್ ಊಟ ಬಿಟ್ಟಿದ್ದಾನೆ ಎಂದಳು. ಇನ್ನೊಂದೇ ಒಂದು ಸಲ ಈ ಕೋಟು, ಆ ಚೀಲ ಹಾಕಿಕೊಂಡು ಬಂದು, ಮಗುವಿನ ತಲೆ ಸವರಿ ಹೋಗಿಬಿಡಿ ಎಂದು ಬೇಡಿದಳು. ಅಪ್ಪ ಸಿಟ್ಟುಮಾಡಿಕೊಂಡು ಹೋಗಿಲ್ಲ ಎಂದಾದರೂ ಅವನಿಗೆ ಸಮಾಧಾನವಾಗುತ್ತದೆ.

ಮ್ಯಾಲಕಿ ತಲೆ ಅಲ್ಲಾಡಿಸಿದ.

"ಗೊತ್ತಿಲ್ಲದೆ ಒಂದು ಸಲ ಅವನಪ್ಪ ಆದೆ, ಬ್ರೀಡಾ. ಗೊತ್ತಿದ್ದೂ ಆಗಲ್ಲ."

"ಮಗು ಸೊರಗ್ತಿದೆ. ನಿಮಗೆ ನಿಮ್ಮ ಸತ್ಯ ದೊಡ್ಡದಾ?"

"ಮುಂದಿನ ವರ್ಷ ಮತ್ತೆ ತಟ್ಟೆ ಇಟ್ಕೊಂಡು ಕೂರ್ತಾನೆ. ಆಮೇಲಿನ ವರ್ಷವೂ. ನಾನು ಬರ್ತೀನಿ, ನನ್ನ ಮುಖ ಇಟ್ಕೊಂಡು. ಅವನು ಹೊಡೆದ್ರೆ ಹೊಡೆಸ್ಕೋತೀನಿ. ಇನ್ನೊಬ್ಬರ ಮೈಯಾಗಿ ಆ ಮನೆಗೆ ಬರಲ್ಲ."

ಬ್ರೀಡಾ ಸಿಡುಕಿಕೊಂಡು ಬಾಗಿಲವರೆಗೆ ನಡೆದಳು. ಅಲ್ಲಿ ನಿಂತಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು. ಅವನತ್ತ ತಿರುಗದೆ, ಸಮುದ್ರ ನೋಡುತ್ತ ಹೇಳಿದಳು.

"ಈ ಕೋಟನ್ನ ರಾಶಿಗೆ ಹಾಕಿದ್ದು ನಾನು. ನುಸಿ ತಿಂದಿರಲಿಲ್ಲ. ನೀವು ಹತ್ತು ತಿಂಗಳು ಒದ್ದೆ ಕೋಟು ತೊಡೆ ಮೇಲಿಟ್ಕೊಂಡು ಕೂತ್ರಿ... ಆ ಮೊಳೆ ನಿಮಗೆ ಅಂತ ಖಾಲಿ ಮಾಡಿದೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಹಿಂದಿನಿಂದ ಮ್ಯಾಲಕಿ ಎರಡು ಹೆಜ್ಜೆ ಹತ್ತಿರ ಬಂದ.

"ಖಾಲಿ ಇದ್ದಿದ್ದು ನೋಡ್ದೆ," ಎಂದ ಅವನು. "ನನಗೆ ಅಂತ ಅಂದ್ಕೊಳ್ಳೋಕೆ ಧೈರ್ಯ ಸಾಲ್ಲಿಲ್ಲ."

* * *

ಇಬ್ಬರೂ ಮಳೆಯಲ್ಲೇ ಮನೆಗೆ ಬಂದರು. ಮ್ಯಾಲಕಿ ಹೊಸಿಲ ಮೇಲೆ, ಫಿಂಟನ್‌ನ ಪಕ್ಕದಲ್ಲೇ ಕೂತ. ಆ ದಿನ ಕೋಟು ತೊಟ್ಟವನು ತಾನು, ರೊಟ್ಟಿ ತಿಂದವನೂ ತಾನು ಎಂದು ಹೇಳಿದ. ಉಳಿದದ್ದನ್ನು ಹೇಳಬೇಕಾದವಳು ತಾಯಿ. ಬ್ರೀಡಾ ಮಗನ ಮುಂದೆ ಮಂಡಿಯೂರಿ, ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದಳು. ಅಪ್ಪ ಸಮುದ್ರದಲ್ಲಿ ಸತ್ತುಹೋದ. ಬರುವುದಿಲ್ಲ. ಯಾರು ಬೈದದ್ದಕ್ಕೂ ಹೋದದ್ದಲ್ಲ.

"ಅಜ್ಜಿ ಬರ್ತಾನೆ ಅಂದ್ರು."

ಎಲ್ಲರೂ ಒಲೆಯತ್ತ ನೋಡಿದರು. ಡೀಲಿಯಾಳ ಕೈಯ ಜಪಮಣಿ ನಿಂತಿತು.

"ನಿನಗೆ ಹೇಳಿದ್ದಲ್ಲ ಕಂದ," ಎಂದಳು ಮುದುಕಿ. "ನನಗೆ ನಾನೇ ಹೇಳ್ಕೊಂಡಿದ್ದು."

ಫಿಂಟನ್ ಮುಷ್ಟಿ ಕಟ್ಟಿ ಮ್ಯಾಲಕಿಯ ಮೊಣಕಾಲಿಗೆ ಗುದ್ದಿದ. ಮತ್ತೊಮ್ಮೆ ಗುದ್ದಿದ. ಮೂರನೆಯ ಸಲ ಕೈ ಏಳಲಿಲ್ಲ. ಅದೇ ಮೊಣಕಾಲಿಗೆ ಹಣೆಯಿಟ್ಟು ಬಿಕ್ಕಿದ. ಮ್ಯಾಲಕಿ ಅವನ ಬೆನ್ನ ಮೇಲೆ ಕೈಯಿಟ್ಟ, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಹುಡುಗ ಆ ಉಂಗುರವನ್ನು ಜೇಬಿನಿಂದ ತೆಗೆದು ಅವನ ಕೈಗೆ ಹಾಕಿದ. ತಿಂದವರಿಗೇ ಸೇರಬೇಕು ಎಂದ.

ಡೀಲಿಯಾ ಎದ್ದಳು. ಬ್ರೀಡಾ ಮರಳಿ ತಂದು ಮೇಜಿನ ಮೇಲಿಟ್ಟಿದ್ದ ಮಗನ ಕೋಟನ್ನು ತೆಗೆದುಕೊಂಡು, ಹೊರಮೈ ಹೊರಗೇ ಇರುವಂತೆ ತಿರುಗಿಸಿ, ತಾನೇ ತೊಟ್ಟಳು. ಬೆರಳು ತೋಳಿನೊಳಗೆ ಮುಳುಗಿಹೋದವು. ಗುಡ್ಡದಾಚೆಯ ಮಗಳ ಮನೆಗೆ ಹೋಗುತ್ತೇನೆ ಎಂದಳು.

"ಅತ್ತೆ, ಸಿಟ್ಟಲ್ಲಿ ಹೋಗ್ಬೇಡಿ," ಎಂದು ಬ್ರೀಡಾ ಅವಳ ಕೈ ಹಿಡಿದಳು.

"ಸಿಟ್ಟಿಲ್ಲ ಕಣೇ. ಆ ಮೊಳೆ ಮೇಲೆ ಇನ್ನೊಂದು ಕೋಟು ನೋಡೋ ಶಕ್ತಿ ನನಗಿಲ್ಲ. ಬೇಡ ಅನ್ನೋ ಹಕ್ಕೂ ಇಲ್ಲ. ಕಾಯೋಳು, ಕಾಯದೋಳು ಒಂದೇ ಒಲೆ ಮುಂದೆ ಹೇಗೆ ಕೂರೋದು?"

ಗಾಡಿಯಲ್ಲಿ ಬಿಟ್ಟುಬರುತ್ತೇನೆ ಎಂದು ಮ್ಯಾಲಕಿ ಎದ್ದ. ಅವಳು ಕೋಟಿನ ಎದೆ ತಟ್ಟಿಕೊಂಡಳು.

"ಬೇಡಪ್ಪ. ಇವನ ಜೊತೆ ನಡ್ಕೊಂಡೇ ಹೋಗ್ತೀನಿ."

ಮಕ್ಕಳಿಬ್ಬರ ತಲೆ ಮುಟ್ಟಿ ಹೊರಟಳು. ಏರಿನ ದಾರಿಯಲ್ಲಿ ಕೋಟು ಚಿಕ್ಕದಾಗುತ್ತ ಹೋಯಿತು. ಫಿಂಟನ್ ಅದಕ್ಕೆ ಕೈಬೀಸಿದ. ಅಜ್ಜಿಗೋ ಅಪ್ಪನಿಗೋ, ಅವನನ್ನು ಯಾರೂ ಕೇಳಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಮುಂದೆ ಮಕ್ಕಳೇ ಭಾನುವಾರ ಭಾನುವಾರ ಗುಡ್ಡ ಹತ್ತಿ ಅವಳ ಬಳಿ ಹೋದರೇ ಹೊರತು, ಡೀಲಿಯಾ ಆ ಹೊಸಿಲನ್ನು ಮತ್ತೆ ತುಳಿಯಲಿಲ್ಲ.

ದಾರಿ ಖಾಲಿಯಾದ ಮೇಲೂ ಬ್ರೀಡಾ ಬಾಗಿಲಲ್ಲೇ ನಿಂತಿದ್ದಳು. ತಿರುಗಿದಾಗ ಮ್ಯಾಲಕಿ ಎಂದಿನ ಹಾಗೆ ಒದ್ದೆ ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಅಲ್ಲಿ ಹಾಕಿ," ಎಂದಳು. ಎಷ್ಟು ದಿನದಿಂದ ಉಳಿದಿದ್ದ ಎರಡು ಮಾತು!

ಅವನು ಕದದ ಹಿಂದಿನ ಮೊಳೆಯನ್ನು ನೋಡಿದ.

"ಇವತ್ತೊಂದು ದಿನ ಖಾಲಿ ಇರಲಿ, ಬ್ರೀಡಾ. ಅವರು ಈಗಷ್ಟೇ ಹೋದ್ರು."

ಅವಳ ಕಣ್ಣು ತುಂಬಿ ಬಂತು. ಅವನ ತೊಡೆಯ ಮೇಲಿನ ಕೋಟನ್ನು ತಾನೇ ಎತ್ತಿಕೊಂಡು, ಒಲೆಯ ಮುಂದೆ ಡೀಲಿಯಾಳ ಕುರ್ಚಿಯ ಬೆನ್ನಿಗೆ ಹರವಿದಳು.

"ನಾಳೆ?"

"ನಾಳೆ ಹಾಕ್ತೀನಿ," ಎಂದ ಮ್ಯಾಲಕಿ.