ತುಳಸಿದಾಸರ ಪಿಯಾನೊದ ಸುತ್ತಿಗೆಗಳು

ಅಮಿತಾ ಪಿಯಾನೊದ ಬಿಳಿ ಪಟ್ಟಿಯೊಂದನ್ನು ಒತ್ತಿದಳು. ಸದ್ದಿಲ್ಲ. ಇನ್ನೊಂದು—ಅದೂ ಮೂಕ. ಮುಚ್ಚಳ ತೆಗೆದು ನೋಡಿದರೆ, ತಂತಿಗೆ ಬಡಿಯುವ ಸುತ್ತಿಗೆಗಳ ಚೌಕಟ್ಟೇ ಮಾಯ!

ಬೇಲೆಕೇರಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಯುರೋಪಿನ ಸಭಾಂಗಣಗಳಲ್ಲಿ ಪಿಯಾನೊ ನುಡಿಸಿ ಬಂದ ತುಳಸಿದಾಸರು ತೀರಿಕೊಂಡು ಅಂದಿಗೆ ವರ್ಷ. ಅವರ ಕೊನೆಯ ರಚನೆಯನ್ನು ಅವರದೇ ಪಿಯಾನೊದಲ್ಲಿ ನುಡಿಸುತ್ತೇನೆಂದು ಶಿಷ್ಯೆ ಅಮಿತಾ ಮಾತು ಕೊಟ್ಟಿದ್ದಳು. ಸಂಜೆ ಐದಕ್ಕೆ ಜನ ಬರುವವರಿದ್ದರು. ಅಳುತ್ತಲೇ ಪೂರ್ಣಿಮಾಗೆ ಫೋನು ಮಾಡಿದಳು.

ನನ್ನ ಹೆಂಡತಿ ಪೂರ್ಣಿಮಾ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ನಾನು ಅವಳ ಸ್ಕೂಟರಿನ ಕಾಯಂ ಚಾಲಕ. ಕಾರವಾರದಿಂದ ಹೊರಟೆವು.

ಜಗಲಿಯಲ್ಲಿ ತುಳಸಿದಾಸರ ಅಣ್ಣ ಜಟ್ಟಿ ಬಲೆ ಸರಿಮಾಡುತ್ತಿದ್ದರು. ತಮ್ಮ ಸಂಗೀತ ಕಲಿಯಲೆಂದು ತಾನು ಶಾಲೆ ಬಿಟ್ಟು ಕಡಲಿಗಿಳಿದವರು. ನಲವತ್ತು ವರ್ಷ ದೋಣಿಯ ಎಂಜಿನ್ ಪಕ್ಕ ಕೂತು ಕಿವಿ ಪೂರಾ ಹೋಗಿತ್ತು. ಅವರಿಗೆ ಕೈಮುಗಿದು ಒಳಗೆ ಹೋದೆವು.

"ಪಿಯಾನೊ ಮಾರೂಕೆ ಗೋವಾದವ್ರನ್ನ ಕರೆಸಿದ್ಯಂತೆ?"—ಜಟ್ಟಿಯ ಮಗ ಸೂರಜ್‌ನನ್ನು ಪೂರ್ಣಿಮಾ ಕೇಳಿದಳು.

"ಹೌದ್ರಾ ಅಕ್ಕೋರೇ. ಆದ್ರೆ ಒಳಗಿಂದು ತೆಗೆದ್ರೆ ಅದನ್ನ ಯಾರ್ ತಕಂತ್ರು?"

"ಬೀಗ ಒಡದದ್ಯಾ?"

"ಇಲ್ರಾ."

ನನಗೆ ಸೂರಜ್ ಮೇಲೇ ಗುಮಾನಿ. ಪೂರ್ಣಿಮಾ ಮಾತ್ರ ಪಿಯಾನೊದೊಳಗೆ ತಲೆ ಹಾಕಿ ಐದು ನಿಮಿಷ ನಿಂತಳು. ಹೊರಬಂದಾಗ ನಗುತ್ತಿದ್ದಳು.

"ಕಳ್ಳ ಬಿಚ್ಚಿದ ನಟ್ಟನ್ನ ಏನ್ ಮಾಡ್ತಾನ್ರೀ?"

"ಬಿಸಾಡ್ತಾನೆ."

"ಇಲ್ನೋಡಿ!"

ನಟ್ಟುಗಳನ್ನು ನೀಲಿ ಬಲೆದಾರದಲ್ಲಿ ಪೋಣಿಸಿ ಒಳಗೇ ಕಟ್ಟಿಡಲಾಗಿತ್ತು.

"ಎಲ್ಲರ ಕಣ್ಣಿಗೂ ಬಿದ್ದದ್ದೇ, ಯಾರೂ ಗಮನಿಸ್ಲಿಲ್ಲ. ಮತ್ತೆ ಜೋಡಿಸುವವರು ಮಾತ್ರ ಹೀಗಿಡ್ತಾರೆ. ಜೂನ್ ಒಂದರಿಂದ ಮೀನುಗಾರಿಕೆ ಬಂದ್. ದೋಣಿ ದಡಕ್ಕೆಳೆದು, ಎಂಜಿನ್ ಬಿಚ್ಚಿ ಮನೆಯೊಳಗಿಡೋರು ಯಾರು?"

ಸೂರಜ್ ಜಗಲಿಯತ್ತ ನೋಡಿದ.

ಪೂರ್ಣಿಮಾ ಆ ದಾರವನ್ನು ಜಟ್ಟಿಯ ಮುಂದೆ ಹಿಡಿದಳು. ಮುದುಕರ ಮುಖ ಅರಳಿತು.

"ಮಳೆ, ಉಪ್ಪುಗಾಳಿ—ತಮ್ಮನ ಎಂಜಿನ್ ಹಾಳಾಗೂದಲ್ರಾ! ಜೋಪಾನ ಮಾಡಿ ಇಟ್ಟೀನೆ. ಆಗಸ್ಟಿಗೆ ಜೋಡಿಸ್ತೆ!"

ಅಡುಗೆಮನೆಯ ಅಟ್ಟದಲ್ಲಿ, ಕಂಬಳಿಯ ಮೇಲೆ ತುಳಸಿದಾಸರ ಸಂಗೀತ ಕಚೇರಿಯ ಕರಿಕೋಟನ್ನೂ ಹೊದ್ದು, ಎಂಬತ್ತೆಂಟು ಸುತ್ತಿಗೆಗಳು ಬೆಚ್ಚಗೆ ಮಲಗಿದ್ದವು.

ಸಂಜೆ ನುಡಿಸುವುದಿದೆಯೆಂದು ಜಟ್ಟಿಗೆ ಯಾರೂ ತಿಳಿಸಿಯೇ ಇರಲಿಲ್ಲ. ಕಿವುಡನಿಗೆ ಸಂಗೀತದ ಸುದ್ದಿ ಯಾಕೆಂದು ಬಿಟ್ಟಿದ್ದರು. ನನಗೇ ನಾಚಿಕೆಯಾಯಿತು. ಸೂರಜ್ ಫೋನು ತೆಗೆದು, "ಮಾರೂದಿಲ್ಲ, ಬರೂದ್ ಬೇಡ" ಎಂದು ಗೋವಾಕ್ಕೆ ಹೇಳಿದ.

ಒಂದು ತಾಸಿನಲ್ಲಿ ಜಟ್ಟಿ ಎಲ್ಲವನ್ನೂ ಜೋಡಿಸಿದರು. ಐದಕ್ಕೆ ಅಮಿತಾ ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ನುಡಿಸತೊಡಗಿದಳು. ಅವರು ಪಿಯಾನೊದ ಮರಕ್ಕೆ ಅಂಗೈ ಆನಿಸಿ, ಕಣ್ಣು ಮುಚ್ಚಿ, ಕೊನೆಯವರೆಗೂ ಅಲುಗಾಡದೆ ಕೂತರು.

ಚಪ್ಪಾಳೆ ಮುಗಿದ ಮೇಲೆ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

"ತಮ್ಮನ ಎಂಜಿನ್ ಚಲೋ ಓಡ್ತದೆ!"