ಪುಟ ತಿರುಗಿಸುವವನು

ನುಡಿಸಲು ಅವಳಿಗೆ ಸ್ವರಲಿಪಿಯ ಪುಟಗಳು ಬೇಕಾಗಿರಲಿಲ್ಲ. ಈ ಗುಟ್ಟು ಅವಳನ್ನು ಬಿಟ್ಟರೆ ಅವಳ ಪಿಯಾನೋಗೆ ಮಾತ್ರ ಗೊತ್ತಿತ್ತು.

ಚಿಕ್ಕಂದಿನಿಂದ ನುಡಿಸಿಕೊಂಡು ಬಂದವಳು. ದೇಶ ಸುತ್ತಿ ಕಛೇರಿ ಕೊಟ್ಟು, ಬಹುಮಾನ ಗೆದ್ದು, ಈಗ ಬೆಳಿಗ್ಗೆ ತನ್ನದೇ ಸಂಗೀತ ಬರೆಯುತ್ತಾಳೆ, ಮಧ್ಯಾಹ್ನ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಮ್ಮೆ ಬೆರಳಿಗೆ ಹತ್ತಿದ್ದು ಮರೆತದ್ದೇ ಇಲ್ಲ. ಆದರೆ ಪಿಯಾನೋ ಒಂಟಿಗರ ವಾದ್ಯ. ಪಿಟೀಲಿನವರಿಗಾದರೂ ಜೊತೆಗೆ ನಾಲ್ಕು ಜನ ಇರುತ್ತಾರೆ. ಇವಳಿಗೆ ವೇದಿಕೆಯಲ್ಲೂ ಒಂದೇ ಆಸನ, ಮನೆಯಲ್ಲೂ ಒಂದೇ ತಟ್ಟೆ. ಕೊನೆಯ ಮಗುವನ್ನು ಅದರ ಅಮ್ಮ ಕರೆದುಕೊಂಡು ಹೋದ ಮೇಲೆ ಮನೆ ಭಣಗುಟ್ಟುತ್ತಿತ್ತು. ಆಗ ರೇಡಿಯೊ ಹಾಕುತ್ತಿದ್ದಳು. ಸುದ್ದಿ ಏನೇ ಇರಲಿ, ಯಾರಾದರೂ ಮಾತಾಡುತ್ತಿದ್ದರೆ ಸಾಕಿತ್ತು.

ಕನ್ನಡಕದಂಗಡಿಯವನು ತನ್ನ ಅಕ್ಕನ ಮಗಳನ್ನು ಪಾಠಕ್ಕೆ ಬಿಡಲು ಬರುತ್ತಿದ್ದ. ಒಂದು ಸಲ, ಇನ್ನೂ ಬಾಯಿಪಾಠವಾಗದ ಹೊಸ ಕೃತಿಯ ಕಛೇರಿಯ ದಿನವೇ ಪುಟ ತಿರುಗಿಸುವ ಹುಡುಗಿಗೆ ಜ್ವರ ಬಂತು. ಬಾಗಿಲಲ್ಲಿ ನಿಂತಿದ್ದವನನ್ನೇ ಅವಳು ಕೇಳಿದಳು.

“ನಿಮಗೆ ನೋಟ್ಸ್ ಓದೋಕೆ ಬರುತ್ತಾ?”

“ಬರುತ್ತೆ ಮೇಡಂ,” ಎಂದ. ಅವನ ಕಿವಿ ಕೆಂಪಾಯಿತು.

ಅವತ್ತು ಅವಳ ಎಡಕ್ಕೆ ಕೂತ. ಅವಳು ಗೋಣು ಹಾಕಿದಾಗಲೆಲ್ಲ ಎದ್ದು, ಸದ್ದಿಲ್ಲದೆ ಪುಟ ತಿರುಗಿಸಿ, ಮತ್ತೆ ಕೂತ. ಅವನ ಅಂಗಿಯಿಂದ ಸೋಪಿನ ವಾಸನೆ ಬರುತ್ತಿತ್ತು. ಆಮೇಲಾಮೇಲೆ ಬಾಯಿಪಾಠವಾಗಿದ್ದ ಕೃತಿಗಳಿಗೂ ಅವಳು ಪುಟ ಹರವಿಕೊಂಡು ಕೂರತೊಡಗಿದಳು. ಕಳ್ಳನಿಗೊಂದು ಪಿಳ್ಳೆ ನೆವ!

ಇವತ್ತು ಅವಳೇ ಬರೆದ ಕೃತಿಯ ಮೊದಲ ಪ್ರದರ್ಶನ. ನಿಧಾನದ ಭಾಗ ಬಂದಾಗ ಕಣ್ಣು ಮುಚ್ಚಿದಳು, ಗೋಣು ಹಾಕುವುದನ್ನೇ ಮರೆತಳು. ಅವನು ಗಾಬರಿಯಿಂದ ಎದ್ದು ಎರಡು ಪುಟ ಒಟ್ಟಿಗೆ ಮಗುಚಿದ. ಸಂಗೀತ ಒಂದು ಕ್ಷಣವೂ ನಿಲ್ಲಲಿಲ್ಲ.

ಚಪ್ಪಾಳೆ ಮುಗಿದು ಗ್ರೀನ್ ರೂಮಿಗೆ ಬಂದಾಗ ಅವನು ಕೋಟು ಹಾಕಿಕೊಳ್ಳುತ್ತಿದ್ದ.

“ತಪ್ಪು ಪುಟ ಎದುರಿಗಿತ್ತು. ನೀವು ನೋಡ್ಲೂ ಇಲ್ಲ.”

“ಪರವಾಗಿಲ್ಲ ಬಿಡಿ.”

“ನಿಮಗೆ ಪುಟ ಬೇಕೇ ಇಲ್ಲ ಅಲ್ವಾ ಮೇಡಂ? ನಾನು ಸುಮ್ನೆ ಗೊಂಬೆ ಥರ ಕೂತಿದ್ದೆ. ಇನ್ಮೇಲೆ ಬರಲ್ಲ. ಮಗೂನ ಭಾವ ಬಿಡ್ತಾರೆ.”

ಅವಳು ಅವನತ್ತ ಎರಡು ಹೆಜ್ಜೆ ಇಟ್ಟಳು. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಮನುಷ್ಯನೇ ಹೋಗುತ್ತಾನೆ. ಅವನ ಕೈ ಆಗಲೇ ಬಾಗಿಲ ಮೇಲಿತ್ತು.

“ಪುಟ ಬೇಡ,” ಎಂದಳು. “ಪಕ್ಕದಲ್ಲಿ ಯಾರಾದ್ರೂ ಇರ್ಲಿ ಅಂತ... ಯಾರಾದ್ರೂ ಅಲ್ಲ. ನೀವು.”

ಅವನು ಹಿಂದಿರುಗಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಎಷ್ಟೋ ಹೊತ್ತು ಕನ್ನಡಕ ಒರೆಸಿದ.

“ನಂಗೆ ನೋಟ್ಸ್ ಓದೋಕೆ ಬರಲ್ಲ ಮೇಡಂ. ಅದೆಲ್ಲ ನಂಗೆ ಇರುವೆ ಸಾಲು.”

“ಮತ್ತೆ ಇಷ್ಟು ದಿನ ಹೇಗೆ...?”

“ನಿಮ್ಮ ಮುಖ ನೋಡ್ತಿದ್ದೆ. ಇವತ್ತು ನೀವು ಕಣ್ಣು ಮುಚ್ಕೊಂಡು ಅಳ್ತಿದ್ರಿ. ನಂಗೆ ಕೈಕಾಲೇ ಆಡ್ಲಿಲ್ಲ.”

ಅತ್ತದ್ದು ಅವಳಿಗೇ ಗೊತ್ತಿರಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಜನ ಅವಳ ಬೆರಳುಗಳನ್ನು ನೋಡಿದ್ದರು. ಮುಖ ನೋಡಿದವನು ಇವನೊಬ್ಬನೇ.

“ಮುಂದಿನ ಸಲ ಪುಟ ಇಲ್ದೇನೇ ನುಡಿಸಿ,” ಎಂದ ಅವನು ಮೆಲ್ಲಗೆ. “ನಾನು ಮೊದಲನೇ ಸಾಲಲ್ಲಿ ಕೂತ್ಕೋತೀನಿ.”

“ಅಷ್ಟು ದೂರಾನಾ?” ಎಂದಳು ಅವಳು.