ಹಡಗಿನ ದಿನದ ಮದುವೆ

೨೦೨೨ರ ಫೆಬ್ರುವರಿ ೮, ಮಂಗಳವಾರ, ಬೆಳಿಗ್ಗೆ ೯.೧೦ಕ್ಕೆ ಬ್ರಿಟನ್ನಿನ ಆಳ್ವಿಕೆಯ ಸೇಂಟ್ ಹೆಲೆನಾ ದ್ವೀಪದ ಜೇಮ್ಸ್‌ಟೌನ್ ಠಾಣೆಗೆ ಕಣಿವೆಯ ಚರ್ಚಿನ ಪಾದ್ರಿ ದೂರು ತಂದರು. ಮದುವೆ ರಿಜಿಸ್ಟರಿನಲ್ಲಿ ೧೯೯೯ರ ಜೂನ್ ೧೭ರ ಒಂದು ಮದುವೆ ದಾಖಲಾಗಿದೆ, ಆದರೆ ಅದರ ಜೋಡಿ ಪ್ರತಿಯಾಗಿ ಸರ್ಕಾರಿ ಕಚೇರಿಯಲ್ಲಿರುವ ಪುಸ್ತಕದಲ್ಲಿ ಅದಿಲ್ಲ ಎಂದರು. ವರ ರಾನಿ ಕ್ರೌವಿ, ವಧು ಕೇಪ್‌ಟೌನಿನ ಶಾರ್ಲೀನ್. ಇಬ್ಬರೂ ಈಗಿಲ್ಲ.

ಇನ್ಸ್‌ಪೆಕ್ಟರ್ ಲಯನಲ್ ಯಾನ್ ಎಫ್‌ಐಆರ್ ಬರೆಸಿದರು. ರಾನಿ ಯಾನರ ಸಹಪಾಠಿ. ೨೦೦೧ರಲ್ಲಿ ಕೇಪ್‌ಟೌನಿನಿಂದ ಮೀನಿಗೆ ಹೋದವನು ಮರಳಲಿಲ್ಲ, ಹೆಣವೂ ಸಿಗಲಿಲ್ಲ.

ಲಾಭ ಯಾರಿಗೆಂದು ಹುಡುಕಬೇಕಾಗಿರಲಿಲ್ಲ. ರಾನಿಯ ಮಗಳು ಟಾಮ್ಸಿನ್ ೨೦೦೦ರಲ್ಲಿ ಹುಟ್ಟಿದ್ದು ಕೇಪ್‌ಟೌನಿನಲ್ಲಿ. ತಾಯಿ ಸತ್ತಮೇಲೆ ನಾಲ್ಕು ವರ್ಷದ ಮಗುವನ್ನು ಅಜ್ಜಿ, ಅಂದರೆ ರಾನಿಯ ತಾಯಿ ಡಲ್ಸಿ, ಇಲ್ಲಿಗೆ ತಂದು ಸಾಕಿದರು. ಹೆತ್ತವರು ಮದುವೆಯಾಗಿರದಿದ್ದರೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಬ್ರಿಟಿಷ್ ಪೌರತ್ವವಿಲ್ಲ ಎನ್ನುತ್ತಿತ್ತು ಕಾನೂನು. ಇಲ್ಲಿ ಮೊದಲು ಮಗು, ಆಮೇಲೆ ನಿಧಾನಕ್ಕೆ ಮದುವೆ ಮಾಡಿಕೊಳ್ಳುವವರೇ ಹೆಚ್ಚು. ಅಂಥ ನಮಗೆ ಲಂಡನ್ನಿನವರು ಮಾಡಿಟ್ಟ ಕಾನೂನು ಇದು! ಟಾಮ್ಸಿನ್‌ಳ ವಾಸದ ಪರವಾನಗಿ ಮಾರ್ಚ್ ೩೧ಕ್ಕೆ ಮುಗಿಯಲಿತ್ತು. ಪೌರತ್ವ ಸಿಗದಿದ್ದರೆ ಅವಳು ಯಾರೂ ಇಲ್ಲದ ಕೇಪ್‌ಟೌನಿಗೆ ಹೋಗಬೇಕಿತ್ತು.

೧೧.೩೦ಕ್ಕೆ ಚರ್ಚಿನಲ್ಲಿ ಪಂಚನಾಮೆ ನಡೆಯಿತು. ಖಾಲಿ ಉಳಿದಿದ್ದ ಜಾಗದಲ್ಲಿ ಹೊಸ ಶಾಯಿ, ಸತ್ತುಹೋದ ಹಳೆಯ ಪಾದ್ರಿಯ ಹೆಸರಿನಲ್ಲಿ ನಡುಗುವ ಸಹಿ. ಕಪಾಟಿನ ಬೀಗದ ಕೈ ಇಬ್ಬರ ಬಳಿ ಮಾತ್ರ: ಒಂದು ಈಗಿನ ಪಾದ್ರಿಯದು, ಇನ್ನೊಂದು ಮೂವತ್ತು ವರ್ಷದಿಂದ ಚರ್ಚು ಗುಡಿಸುವ ಡಲ್ಸಿಯದು. ಟಾಮ್ಸಿನ್ ಕೂಡ ಅಜ್ಜಿಯ ಕೈಯಿಂದ ಅದನ್ನು ತೆಗೆದುಕೊಂಡಿರಬಹುದಿತ್ತು. ಅವಳೇ ಬರೆದಿದ್ದರೆ ಈ ದ್ವೀಪದ ಬಾಗಿಲು ಅವಳಿಗೆ ಎಂದೆಂದಿಗೂ ಮುಚ್ಚಿದಂತೆ.

ಕಾನ್‌ಸ್ಟೇಬಲ್ ರೋಂಡಾ ಬಂದರಿನ ಹಳೆಯ ಪುಸ್ತಕ ತಂದಳು.

"ಸರ್, ಆ ಜೂನ್ ೧೭ ಹಡಗಿನ ದಿನ."

ಹಡಗು ಹೊರಡುವ ದಿನ ಊರೆಲ್ಲ ಬಂದರಿನಲ್ಲೇ ಇರುತ್ತಿತ್ತು, ಪಾದ್ರಿಯೂ ಸೇರಿ. ಆ ದಿನ ಇಲ್ಲಿ ಯಾರೂ ಮದುವೆ ಇಟ್ಟುಕೊಂಡಿದ್ದಿಲ್ಲ. ಇದು ದ್ವೀಪದ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಆ ತಾರೀಖನ್ನೇ ಬರೆದವರಿಗೆ ಬೇರೆ ತಾರೀಖು ಮನಸ್ಸಿಗೆ ಬಂದೇ ಇರಲಿಕ್ಕಿಲ್ಲ. ರಾನಿ ಶಾರ್ಲೀನ್‌ಳ ಕೈ ಹಿಡಿದು ಹಡಗು ಹತ್ತಿದ ದಿನ ಅದು. ಯಾನರೂ ಅವತ್ತು ಅಲ್ಲಿ ನಿಂತು ಕೈಬೀಸಿದ್ದರು.

ಸಂಜೆ ೪.೧೫ಕ್ಕೆ ಅವರಿಬ್ಬರೂ ಡಲ್ಸಿಯ ಮನೆಗೆ ಹೋದರು. ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು. ಮನೆಯಲ್ಲಿ ಇರುವುದು ಇಬ್ಬರೇ. ರೋಂಡಾ ಮೂರನೆಯದರ ಕಡೆ ನೋಡಿ ಕಣ್ಣು ತಿರುಗಿಸಿಕೊಂಡಳು.

"ಏನೋ ಕೊಕ್ಕರೆ," ಎಂದರು ಡಲ್ಸಿ, ಶಾಲೆಯ ದಿನಗಳ ಅಡ್ಡಹೆಸರು ಹಿಡಿದು. "ಮೀನಿನ ವಡೆ ತಿನ್ನೋಕೆ ಬಂದ್ಯೋ, ನನ್ನ ಹಿಡಿಯೋಕೋ?"

"ಎರಡಕ್ಕೂ, ಆಂಟಿ. ಬರೆದಿದ್ದು ಯಾರು?"

"ನಾನೇ. ಮಗೂಗೆ ಗೊತ್ತಿಲ್ಲ. ಅದನ್ನ ಮೊದಲು ಬರ್ಕೋ."

"ಹಡಗಿನ ದಿನ ಮದುವೆ ಅಂದ್ರೆ ಯಾರು ನಂಬ್ತಾರೆ?"

ಡಲ್ಸಿ ಕಿಟಕಿಯಾಚೆಯ ಕಡಲಿನ ಕಡೆ ತಿರುಗಿದರು.

"ರಾನಿ ಬಿಳಿ ಅಂಗಿ ಹಾಕಿದ್ದ ಕಣೋ. ಅವಳ ಕೈ ಹಿಡ್ಕೊಂಡು ಹಡಗಿನ ದೋಣಿಗೆ ಅಂತ ಬಂದರಿನ ಮೆಟ್ಟಿಲಿಳಿದ. ಊರಿಗೂರೇ ನೋಡ್ತು, ನೀನೂ ನೋಡ್ದೆ. ನನ್ನ ಕಣ್ಣಿಗೆ ಅದೇ ಮದುವೆ. ಕಣ್ಣು ಮುಚ್ಚಿದ್ರೆ ಈಗ್ಲೂ ಇಳೀತಾನೇ ಇರ್ತಾನೆ."

ಮದುವೆಯಾಗದ ಅಪ್ಪಂದಿರ ಮಕ್ಕಳಿಗೂ ಹಕ್ಕು ಕೊಡುವ ಮಸೂದೆ ಲಂಡನ್ನಿನಲ್ಲಿ ಚರ್ಚೆಯಲ್ಲಿದೆ, ನಾಲ್ಕೈದು ತಿಂಗಳು ಕಾಯಬಹುದಿತ್ತು ಎಂದರು ಯಾನ್. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

"ಕಾಯೋದನ್ನ ನಂಗೆ ಹೇಳ್ಕೊಡ್ತೀಯಾ? ಇಪ್ಪತ್ತು ವರ್ಷದಿಂದ ಅವನಿಗೂ ತಟ್ಟೆ ಇಟ್ಟು ಆ ನೀರು ನೋಡ್ಕೊಂಡು ಕೂತಿದೀನಿ. ಕಾಯ್ತಾ ಕಾಯ್ತಾ ಒಬ್ಬನ್ನ ಕಳ್ಕೊಂಡೆ."

೫.೦೦ಕ್ಕೆ ಬಂಧನವಾಯಿತು. ಹೊರಡುವ ಮುಂಚೆ ಆಕೆ ಮೂರನೆಯ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು. ಟಾಮ್ಸಿನ್‌ಗೆ ಏನೂ ಗೊತ್ತಿರಲಿಲ್ಲ ಎಂದು ಯಾನ್ ವರದಿಯಲ್ಲಿ ಎರಡು ಕಡೆ ಬರೆದರು. ವಯಸ್ಸು ನೋಡಿ ನ್ಯಾಯಾಲಯ ಡಲ್ಸಿಯನ್ನು ಜೈಲಿಗೆ ಕಳಿಸಲಿಲ್ಲ.

ಟಾಮ್ಸಿನ್‌ಳನ್ನು ಏಪ್ರಿಲ್ ಮೊದಲ ವಾರದ ವಿಮಾನದಲ್ಲಿ ಕಳಿಸಿದರು. ಹೊಸ ಕಾನೂನು ಜೂನ್ ೨೮ಕ್ಕೆ ಜಾರಿಗೆ ಬಂತು. ಅವಳ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿದೆ. ಡಲ್ಸಿ ಈಗ ವಿಮಾನದ ಸದ್ದಿಗೂ ಹೊರಗೆ ಬಂದು ನಿಲ್ಲುತ್ತಾರೆ.